ಮೀನಿನ ಹೆಸರು, ಉಕ್ಕಿನ ಮೈ

ಸಭೆಗೆ ನಮಸ್ಕಾರ.

ಅಮೆರಿಕದ ಫ್ಲಾರಿಡಾ ರಾಜ್ಯದ ಒರ್ಲ್ಯಾಂಡೊ ನಗರದಲ್ಲಿರುವ ಸೀವರ್ಲ್ಡ್ ಉದ್ಯಾನಕ್ಕೆ ಕೆಲವು ವರ್ಷಗಳ ಹಿಂದೆ ಹೋಗಿದ್ದೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಒಳಗೆ ನುಗ್ಗಿದ ಜನರಲ್ಲಿ ಹೆಚ್ಚಿನವರು ಡಾಲ್ಫಿನ್ ಕೊಳದ ಕಡೆಗೆ ಹೋಗಲಿಲ್ಲ. ನೀಲಿ ಬಣ್ಣದ ಒಂದು ಉಕ್ಕಿನ ಬೆಟ್ಟದ ಕಡೆಗೆ ಓಡಿದರು. ನಾನು ಸೇತುವೆಯ ಕೆಲಸದಲ್ಲಿ ಆಯುಷ್ಯ ಕಳೆದವನು. ಆ ಬೆಟ್ಟ ಹತ್ತುವ ಧೈರ್ಯ ಸಾಲದೆ ಕೆಳಗೇ ನಿಂತು ಕಂಬಗಳನ್ನು ನೋಡುತ್ತಿದ್ದೆ. ಈ ಉಪನ್ಯಾಸ ಹುಟ್ಟಿದ್ದು ಅಲ್ಲಿ. ಸಮುದ್ರಜೀವಿಗಳನ್ನು ತೋರಿಸಲೆಂದು ಕಟ್ಟಿದ ಉದ್ಯಾನದಲ್ಲಿ ಇಷ್ಟೊಂದು ರೋಲರ್ ಕೋಸ್ಟರ್‌ಗಳು ಏಕೆ ಎದ್ದವು, ಹೇಗೆ ಎದ್ದವು ಎಂಬುದಷ್ಟೇ ಇಂದಿನ ವಿಷಯ.

ಸೀವರ್ಲ್ಡ್‌ನ ಮೊದಲ ಉದ್ಯಾನ 1964ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ಆರಂಭವಾಯಿತು. ಒರ್ಲ್ಯಾಂಡೊದ್ದು 1973ರ ಡಿಸೆಂಬರ್‌ನಲ್ಲಿ, ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದ್ದು 1988ರಲ್ಲಿ ಬಂದವು. ಮೊದಲ ಮೂರು ದಶಕ ಅಲ್ಲಿ ದೊಡ್ಡ ಕೋಸ್ಟರ್ ಇರಲಿಲ್ಲ. ಓರ್ಕಾ ತಿಮಿಂಗಿಲದ ಪ್ರದರ್ಶನವೇ ಉದ್ಯಾನದ ಮುಖವಾಗಿತ್ತು. ಕಪ್ಪು ಬಿಳುಪು ಮೈಯ ಆ ಪ್ರಾಣಿ ನೀರಿನಿಂದ ಮೇಲೆದ್ದು ಮುಂದಿನ ಸಾಲಿನವರನ್ನು ತೋಯಿಸುವುದನ್ನು ನೋಡಲೆಂದೇ ಜನ ದೂರದಿಂದ ಬರುತ್ತಿದ್ದರು.

ಈ ಉದ್ಯಾನಗಳ ಬಗ್ಗೆ ಇಂದು ಎಲ್ಲರೂ ಹೇಳುವ ಒಂದು ಕಥೆಯಿದೆ. 2010ರ ಫೆಬ್ರವರಿಯಲ್ಲಿ ಒರ್ಲ್ಯಾಂಡೊದಲ್ಲಿ ಟಿಲಿಕಮ್ ಎಂಬ ಓರ್ಕಾ ತನ್ನ ತರಬೇತುದಾರ್ತಿಯನ್ನು ಕೊಂದಿತು. 2013ರಲ್ಲಿ ಆ ಬಗ್ಗೆ ಸಾಕ್ಷ್ಯಚಿತ್ರವೊಂದು ಬಂದು ಜನಾಭಿಪ್ರಾಯವನ್ನೇ ತಿರುಗಿಸಿತು. 2014ರ ಆಗಸ್ಟ್‌ನಲ್ಲಿ ಕಂಪನಿಯ ಷೇರಿನ ಬೆಲೆ ಒಂದೇ ದಿನ ಸುಮಾರು ಮೂರನೇ ಒಂದರಷ್ಟು ಕುಸಿಯಿತು. 2016ರ ಮಾರ್ಚ್ 17ರಂದು ಓರ್ಕಾಗಳ ಸಂತಾನೋತ್ಪತ್ತಿಯನ್ನು ನಿಲ್ಲಿಸುವುದಾಗಿ ಕಂಪನಿ ಘೋಷಿಸಿತು. ಹೀಗೆ ಪ್ರಾಣಿಗಳನ್ನು ಬಿಟ್ಟು ಉಕ್ಕನ್ನು ಹಿಡಿದರು ಎಂಬುದು ಆ ಕಥೆಯ ಮುಕ್ತಾಯ.

ಕಥೆ ಚೆನ್ನಾಗಿದೆ, ಆದರೆ ತಾರೀಖುಗಳು ಅದಕ್ಕೆ ಪೂರ್ತಿ ಒಪ್ಪುವುದಿಲ್ಲ. ಸ್ಯಾನ್ ಆಂಟೋನಿಯೊದಲ್ಲಿ ಗ್ರೇಟ್ ವೈಟ್ ಎಂಬ ಕೋಸ್ಟರ್ ಬಂದದ್ದು 1997ರಲ್ಲಿ, ಸ್ಟೀಲ್ ಈಲ್ ಬಂದದ್ದು 1999ರಲ್ಲಿ. ಒರ್ಲ್ಯಾಂಡೊದಲ್ಲಿ ಅರ್ಧ ನೀರಿನಲ್ಲಿ, ಅರ್ಧ ಹಳಿಯ ಮೇಲೆ ಸಾಗುವ ಜರ್ನಿ ಟು ಅಟ್ಲಾಂಟಿಸ್ 1998ರಲ್ಲಿ ಬಂದರೆ, ಏಳು ಬಾರಿ ತಲೆಕೆಳಗು ಮಾಡುವ ಕ್ರಾಕೆನ್ 2000ದ ಜೂನ್‌ನಲ್ಲಿ ಬಂತು. ಆ ಹೊತ್ತಿಗೆ ಓರ್ಕಾದ ಬಗ್ಗೆ ಇಂದಿನ ಪ್ರಮಾಣದ ಗಲಾಟೆ ಇರಲಿಲ್ಲ. ಇದ್ದದ್ದು ನೆರೆಹೊರೆಯ ಸ್ಪರ್ಧೆ. 1998ರ ಏಪ್ರಿಲ್‌ನಲ್ಲಿ ಡಿಸ್ನಿ ಕಂಪನಿ ಅದೇ ಊರಿನಲ್ಲಿ ಅನಿಮಲ್ ಕಿಂಗ್‌ಡಮ್ ತೆರೆಯಿತು. 1999ರ ಮೇ ತಿಂಗಳಲ್ಲಿ ಯೂನಿವರ್ಸಲ್ ಕಂಪನಿ ಐಲ್ಯಾಂಡ್ಸ್ ಆಫ್ ಅಡ್ವೆಂಚರ್ ತೆರೆಯಿತು. ಒಂದು ಕಡೆ ಪ್ರಾಣಿಗಳು, ಇನ್ನೊಂದು ಕಡೆ ದೈತ್ಯ ಕೋಸ್ಟರ್‌ಗಳು. ನಡುವೆ ಸಿಕ್ಕಿಕೊಂಡ ಉದ್ಯಾನ ಹದಿನೈದು ವಯಸ್ಸಿನ ಹುಡುಗ ಹುಡುಗಿಯರನ್ನು ಉಳಿಸಿಕೊಳ್ಳಬೇಕಿತ್ತು. ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಕೋಸ್ಟರನ್ನು ಒಳಗೆ ತಂದದ್ದು ವ್ಯಾಪಾರ. ಪಶ್ಚಾತ್ತಾಪ ಬಂದದ್ದು ಆಮೇಲೆ, ಬಂದು ಮಾಡಿದ್ದು ಕಟ್ಟುವ ಕೆಲಸದ ವೇಗವನ್ನು ಹೆಚ್ಚಿಸುವುದನ್ನು ಮಾತ್ರ.

ಆ ವೇಗವನ್ನು ಒರ್ಲ್ಯಾಂಡೊ ಒಂದರಲ್ಲೇ ನೋಡಬಹುದು. ಕ್ರಾಕೆನ್ ಆದ ಒಂಬತ್ತು ವರ್ಷಕ್ಕೆ, 2009ರಲ್ಲಿ ಮಾಂಟಾ. ಅದಾಗಿ ಏಳು ವರ್ಷಕ್ಕೆ, 2016ರ ಜೂನ್ 10ರಂದು ಮಾಕೊ. ಅಲ್ಲಿಂದ ಮುಂದೆ 2022ರಲ್ಲಿ ಐಸ್ ಬ್ರೇಕರ್, 2023ರಲ್ಲಿ ಪೈಪ್‌ಲೈನ್, 2024ರಲ್ಲಿ ಪೆಂಗ್ವಿನ್ ಟ್ರೆಕ್ ಹೀಗೆ ವರ್ಷಕ್ಕೊಂದು. ಹೆಸರುಗಳನ್ನು ಗಮನಿಸಿ. ಮಾಂಟಾ ಎಂದರೆ ನಮ್ಮ ಕರಾವಳಿಯವರು ತೊರಕೆ ಎನ್ನುವ ಮೀನಿನ ದೊಡ್ಡ ಬಂಧು. ಮಾಕೊ ಅತಿ ವೇಗವಾಗಿ ಈಜುವ ಶಾರ್ಕ್. ಈಲ್ ಎಂದರೆ ಹಾವುಮೀನು. ಮೈ ಉಕ್ಕಿನದಾದರೂ ಹೆಸರು ಮೀನಿನದೇ ಇರಬೇಕು ಎಂಬ ಹಟವನ್ನು ಅವರು ಬಹುಮಟ್ಟಿಗೆ ಬಿಟ್ಟಿಲ್ಲ.

ಮಾಂಟಾದಲ್ಲಿ ಈ ಹಟ ನಿಜಕ್ಕೂ ಸಾರ್ಥಕವಾಗಿದೆ. ಆಸನದಲ್ಲಿ ಕುಳಿತ ಮೇಲೆ ಅದು ಪ್ರಯಾಣಿಕರನ್ನು ಮುಖ ಕೆಳಗೆ ಮಾಡಿ ಮಲಗಿಸುತ್ತದೆ. ತೊರಕೆ ಮೀನು ಈಜುವ ಭಂಗಿಯಲ್ಲೇ ಜನ ಗಂಟೆಗೆ ಸುಮಾರು 90 ಕಿಲೋಮೀಟರ್ ವೇಗದಲ್ಲಿ ತೇಲುತ್ತಾರೆ. ಸಾಲಿನಲ್ಲಿ ನಿಲ್ಲುವಾಗಲೇ ಗಾಜಿನ ಆಚೆ ತೊರಕೆಗಳು ಈಜುತ್ತಿರುತ್ತವೆ. ನೋಡಿದ್ದನ್ನು ಮೈಯಿಂದ ಅನುಭವಿಸುವಂತೆ ಮಾಡಿದ ಈ ಜೋಡಣೆ ನನಗೆ ಉಳಿದ ಯಾವುದರಲ್ಲೂ ಇಷ್ಟು ಸಲೀಸಾಗಿ ಕಾಣಲಿಲ್ಲ.

ಇನ್ನು ನಾನು ಕೆಳಗೆ ನಿಂತು ನೋಡಿದ ನೀಲಿ ಬೆಟ್ಟ, ಮಾಕೊ. ಅದರ ಎತ್ತರ 200 ಅಡಿ, ಅಂದರೆ 61 ಮೀಟರ್. ಉದ್ದ 4,760 ಅಡಿ. ಗರಿಷ್ಠ ವೇಗ ಗಂಟೆಗೆ 117 ಕಿಲೋಮೀಟರ್. ಇಲ್ಲಿ ಕುಳಿತ ವಿದ್ಯಾರ್ಥಿಗಳು ಒಂದು ಲೆಕ್ಕ ಹಾಕಿ ನೋಡಬಹುದು. 61 ಮೀಟರ್ ಎತ್ತರದಿಂದ ಯಾವ ಅಡ್ಡಿಯೂ ಇಲ್ಲದೆ ಬಿದ್ದ ವಸ್ತು ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 124 ಕಿಲೋಮೀಟರ್ ಆಗಬೇಕು. ಮಾಕೊ ತಲುಪುವುದು 117. ಗಾಳಿಯ ತಡೆ, ಚಕ್ರದ ಘರ್ಷಣೆ ಎಲ್ಲ ಸೇರಿ ನುಂಗುವುದು ಇಷ್ಟೇ. ಎಂಜಿನ್ ಇಲ್ಲದ ಬಂಡಿಯನ್ನು ಸರಪಣಿಯೊಂದು ಒಮ್ಮೆ ಮೇಲಕ್ಕೆ ಎಳೆದು ಬಿಟ್ಟರೆ, ಆ ಒಂದು ಸಾಲದಲ್ಲೇ ಅದು ಉಳಿದ ಗುಡ್ಡಗಳನ್ನೆಲ್ಲ ದಾಟಿ ಮನೆಗೆ ಬರಬೇಕು. ಹಾಗಾಗಿ ಮುಂದಿನ ಯಾವ ಗುಡ್ಡವೂ ಮೊದಲನೆಯದರಷ್ಟು ಎತ್ತರ ಇರುವಂತಿಲ್ಲ. 200 ಅಡಿ ಎಂಬ ಸಂಖ್ಯೆಗೂ ಒಂದು ಅರ್ಥವಿದೆ. ನೆಲದಿಂದ 200 ಅಡಿಗೂ ಮೀರಿದ ಕಟ್ಟಡ ಕಟ್ಟುವವರು ಅಲ್ಲಿನ ವಿಮಾನಯಾನ ಆಡಳಿತಕ್ಕೆ ಮೊದಲೇ ತಿಳಿಸಬೇಕು. ಮಾಕೊ ಸರಿಯಾಗಿ ಆ ಗೆರೆಯ ಮೇಲೆ ನಿಂತಿದೆ.

ಕ್ರಾಕೆನ್, ಮಾಂಟಾ, ಮಾಕೊ, ಪೈಪ್‌ಲೈನ್, ಪೆಂಗ್ವಿನ್ ಟ್ರೆಕ್ ಈ ಐದನ್ನೂ ರೂಪಿಸಿದ್ದು ಸ್ವಿಟ್ಜರ್‌ಲೆಂಡ್‌ನ ಬೊಲಿಗರ್ ಮತ್ತು ಮಬಿಯಾರ್ ಕಂಪನಿ. ವಾಲ್ಟರ್ ಬೊಲಿಗರ್ ಮತ್ತು ಕ್ಲಾಡ್ ಮಬಿಯಾರ್ ಎಂಬ ಇಬ್ಬರು ಎಂಜಿನಿಯರುಗಳು 1988ರಲ್ಲಿ ಆರಂಭಿಸಿದ ಸಂಸ್ಥೆ ಅದು. ಅವರ ಹಳಿಯ ಉಕ್ಕಿನ ಕೆಲಸ ಬಹುಪಾಲು ನಡೆಯುವುದು ಅಮೆರಿಕದ ಒಹಾಯೊ ರಾಜ್ಯದ ಬಟೇವಿಯಾ ಎಂಬ ಊರಿನ ಕಾರ್ಖಾನೆಯಲ್ಲಿ. ಅಲ್ಲಿ ಬಾಗಿಸಿ, ಬೆಸುಗೆ ಹಾಕಿ, ಬಣ್ಣ ಬಳಿದ ತುಂಡುಗಳು ಲಾರಿಯಲ್ಲಿ ಹೊರಟು ಉದ್ಯಾನದ ಹಿಂಬದಿಯ ಬಯಲಿಗೆ ಬಂದು ಬೀಳುತ್ತವೆ. ಹೊಸ ಕೋಸ್ಟರ್ ಬರುತ್ತಿದೆ ಎಂಬ ಸುದ್ದಿ ಹೊರಬೀಳುವುದೂ ಹೀಗೆಯೇ. ಕಂಪನಿ ಬಾಯಿ ಬಿಡುವ ಮೊದಲೇ ಸ್ಥಳೀಯ ಆಡಳಿತಕ್ಕೆ ಸಲ್ಲಿಸಿದ ಅರ್ಜಿಯ ನಕ್ಷೆ, ಬೇಲಿಯ ಸಂದಿಯಿಂದ ಕಾಣುವ ಹಳಿಯ ಬಣ್ಣ, ನೆಲದಲ್ಲಿ ನೆಟ್ಟ ಗೂಟಗಳು ಗುಟ್ಟು ಬಿಟ್ಟುಕೊಡುತ್ತವೆ. ನಮ್ಮಲ್ಲಿ ಹೊಸ ರಸ್ತೆಯ ಸುಳಿವು ಸರ್ವೆ ಕಲ್ಲಿನಿಂದ ಸಿಗುವಂತೆ.

ಕಟ್ಟುವ ಕೆಲಸದಲ್ಲಿ ಹೊರಗಿನವರಿಗೆ ಕಾಣದ ಭಾಗವೇ ದೊಡ್ಡದು. ಫ್ಲಾರಿಡಾದ ನೆಲದ ಅಡಿಯಲ್ಲಿ ಸುಣ್ಣಕಲ್ಲು. ಸ್ವಲ್ಪ ಅಗೆದರೆ ನೀರು. ಅಂಥ ನೆಲದಲ್ಲಿ ಕಂಬವನ್ನು ಕೆಳಕ್ಕೆ ಒತ್ತುವ ಭಾರಕ್ಕಿಂತ ಅದನ್ನು ಪಕ್ಕಕ್ಕೆ ತಳ್ಳುವ, ಕಿತ್ತು ಮೇಲಕ್ಕೆತ್ತುವ ಬಲಗಳೇ ಅಡಿಪಾಯಕ್ಕೆ ಹೆಚ್ಚು ತಲೆನೋವು. ಜೊತೆಗೆ ಚಂಡಮಾರುತದ ಗಾಳಿಯ ಲೆಕ್ಕ ಬೇರೆ. ಹಾಗಾಗಿ ತಿಂಗಳುಗಟ್ಟಲೆ ಕಾಂಕ್ರೀಟ್ ಕೆಲಸವೇ ನಡೆಯುತ್ತದೆ. ಅದು ಮುಗಿದ ಮೇಲೆ ಕ್ರೇನ್ ಬಂದು ಕಂಬ, ಹಳಿ ಎತ್ತುವುದು ಆಶ್ಚರ್ಯವಾಗುವಷ್ಟು ಬೇಗ ಆಗುತ್ತದೆ. ಅಡಿಪಾಯದಲ್ಲಿ ಹೂತ ಬೋಲ್ಟಿಗೆ ಕಂಬದ ತಳದ ತೂತು ಕೂಡಿಬರದಿದ್ದರೆ ಅಲ್ಲಿ ಸುತ್ತಿಗೆ ಹಿಡಿದು ಸರಿಮಾಡುವ ಪ್ರಶ್ನೆಯಿಲ್ಲ.

ನಾನು ಕಂಬದ ಬುಡದಲ್ಲಿ ಕಂಡ ಒಂದು ಸಣ್ಣ ಸಂಗತಿ ಹೇಳುತ್ತೇನೆ. ಪ್ರತಿ ನಟ್ಟಿನ ಮೇಲೆ ಒಂದು ಬಣ್ಣದ ಗೆರೆ ಎಳೆದಿದ್ದರು. ಆ ಗೆರೆ ನಟ್ಟಿನಿಂದ ಇಳಿದು ಅದು ಕುಳಿತ ತಟ್ಟೆಯ ಮೇಲೂ ನೇರವಾಗಿ ಮುಂದುವರಿದಿತ್ತು. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಬೆಳಗಿನ ಜಾವ ಹಳಿ ಪರೀಕ್ಷಿಸುವವನಿಗೆ ಪಾನಾ ಬೇಡ, ಕಣ್ಣು ಸಾಕು. ಇಷ್ಟು ದುಬಾರಿಯ ಯಂತ್ರದ ಕಾವಲಿಗೆ ಇಷ್ಟು ಅಗ್ಗದ ಉಪಾಯ! ನಮ್ಮ ಸೇತುವೆಯ ಜೋಡಣೆಗಳಲ್ಲೂ ಈ ರೂಢಿ ಇನ್ನಷ್ಟು ಬೆಳೆಯಬೇಕಿತ್ತು ಎಂದು ಅಲ್ಲೇ ಅನ್ನಿಸಿತು.

ಜನರನ್ನು ಕೂರಿಸುವ ಮೊದಲು ಬಂಡಿಯಲ್ಲಿ ನೀರು ತುಂಬಿದ ಬೊಂಬೆಗಳನ್ನು ಕೂರಿಸಿ ಮತ್ತೆ ಮತ್ತೆ ಓಡಿಸುತ್ತಾರೆ. ರೈಲಿನಂತೆಯೇ ಹಳಿಯನ್ನು ಬ್ಲಾಕುಗಳಾಗಿ ಭಾಗಮಾಡಿ, ಒಂದು ಬ್ಲಾಕಿನಲ್ಲಿ ಎರಡು ಬಂಡಿ ಸೇರದಂತೆ ಕಂಪ್ಯೂಟರು ತಡೆಯುತ್ತದೆ. ಬಂಡಿ ಹಳಿ ಬಿಡದಿರುವುದಕ್ಕೆ ಮೇಲೆ, ಪಕ್ಕದಲ್ಲಿ, ಕೆಳಗೆ ಮೂರೂ ಕಡೆ ಚಕ್ರಗಳು ಹಳಿಯನ್ನು ಅಪ್ಪಿಕೊಂಡಿರುತ್ತವೆ. ಆದರೆ ತಪಾಸಣೆಯ ವಿಚಾರದಲ್ಲಿ ಫ್ಲಾರಿಡಾದ ಕಾನೂನು ನನಗೆ ವಿಚಿತ್ರವೆನಿಸುತ್ತದೆ. ಸಾವಿರಕ್ಕೂ ಹೆಚ್ಚು ನೌಕರರಿದ್ದು ತಮ್ಮದೇ ತಪಾಸಕರನ್ನು ಇಟ್ಟುಕೊಂಡ ದೊಡ್ಡ ಉದ್ಯಾನಗಳಿಗೆ ರಾಜ್ಯದ ತಪಾಸಣೆಯಿಂದ ವಿನಾಯಿತಿಯಿದೆ. ಗಂಭೀರ ಪೆಟ್ಟುಗಳ ವರದಿಯನ್ನು ಮೂರು ತಿಂಗಳಿಗೊಮ್ಮೆ ಸರ್ಕಾರಕ್ಕೆ ಕೊಟ್ಟರೆ ಸಾಕು. ಊರ ಜಾತ್ರೆಯ ತೊಟ್ಟಿಲನ್ನು ಸರ್ಕಾರ ನೋಡುತ್ತದೆ, 200 ಅಡಿಯ ಬೆಟ್ಟವನ್ನು ಅದರ ಒಡೆಯನೇ ನೋಡಿಕೊಳ್ಳುತ್ತಾನೆ.

ಕ್ಯಾಲಿಫೋರ್ನಿಯಾದಲ್ಲಿ ಪರಿಸ್ಥಿತಿಯೇ ಬೇರೆ. ಸ್ಯಾನ್ ಡಿಯಾಗೊದ ಜನ 1972ರಲ್ಲಿ ಮತ ಹಾಕಿ ಕರಾವಳಿ ಪ್ರದೇಶದಲ್ಲಿ 30 ಅಡಿಗಿಂತ ಎತ್ತರದ ಕಟ್ಟಡ ಬೇಡವೆಂದರು. ಸಮುದ್ರ ಎಲ್ಲರ ಕಣ್ಣಿಗೂ ಕಾಣಬೇಕು ಎಂಬುದು ಅವರ ಆಸೆ. 30 ಅಡಿಯಲ್ಲಿ ಎಂಥ ಕೋಸ್ಟರ್ ಕಟ್ಟುವುದು? 1998ರಲ್ಲಿ ಮತ್ತೆ ಮತದಾನವಾಗಿ ಸೀವರ್ಲ್ಡ್‌ಗೆ ಮಾತ್ರ 160 ಅಡಿಯವರೆಗೆ ರಿಯಾಯಿತಿ ಸಿಕ್ಕಿತು. ಅಲ್ಲಿಯ ಎಲೆಕ್ಟ್ರಿಕ್ ಈಲ್ 150 ಅಡಿ, ಎಂಪರರ್ 153 ಅಡಿ ಇರುವುದು ಈ ಕಾರಣಕ್ಕೆ. ಅಷ್ಟಾದರೂ ಪ್ರತಿ ಕಾಮಗಾರಿಗೂ ರಾಜ್ಯದ ಕರಾವಳಿ ಆಯೋಗದ ಒಪ್ಪಿಗೆ ಬೇಕು. ಸ್ವಾರಸ್ಯವೆಂದರೆ, 2015ರ ಅಕ್ಟೋಬರ್‌ನಲ್ಲಿ ಓರ್ಕಾ ಕೊಳವನ್ನು ದೊಡ್ಡದು ಮಾಡಲು ಅನುಮತಿ ಕೇಳಿದಾಗ, ಕೊಳ ಕಟ್ಟಿಕೊಳ್ಳಿ, ಆದರೆ ಅಲ್ಲಿ ಮರಿ ಮಾಡಿಸುವಂತಿಲ್ಲ ಎಂಬ ಷರತ್ತು ಹಾಕಿದ್ದೂ ಇದೇ ಆಯೋಗ. ಕಂಪನಿ ಆ ಕೊಳದ ಯೋಜನೆಯನ್ನೇ ಕೈಬಿಟ್ಟಿತು. ಕಾಂಕ್ರೀಟಿಗೆ ಅನುಮತಿ ಕೊಡುವ ಮೇಜಿನ ಮೇಲೆಯೇ ಪ್ರಾಣಿಯ ಭವಿಷ್ಯವೂ ತೀರ್ಮಾನವಾಯಿತು ಎಂಬುದನ್ನು ಕಥೆ ಹೇಳುವವರು ಸಾಮಾನ್ಯವಾಗಿ ಮರೆಯುತ್ತಾರೆ. ನಮ್ಮ ಕೇಂದ್ರ ಮೃಗಾಲಯ ಪ್ರಾಧಿಕಾರವಾದರೋ 2013ರ ಮೇ ತಿಂಗಳಲ್ಲೇ ಡಾಲ್ಫಿನ್ ಪ್ರದರ್ಶನ ಕೇಂದ್ರಗಳಿಗೆ ಅವಕಾಶ ಕೊಡಬಾರದೆಂದು ರಾಜ್ಯಗಳಿಗೆ ತಿಳಿಸಿತ್ತು.

ಕೋವಿಡ್ ಕಾಲದ ಒಂದು ಮಾತು. 2020ರಲ್ಲಿ ತೆರೆಯಬೇಕಿದ್ದ ಐಸ್ ಬ್ರೇಕರ್ ಮತ್ತು ಎಂಪರರ್ ಎರಡೂ ಜನರನ್ನು ಕಂಡದ್ದು 2022ರಲ್ಲಿ. ಆ ನಡುವೆ ಆ ಕೋಸ್ಟರ್‌ಗಳು ಸುಮ್ಮನೆ ಕಾದಿದ್ದವು. ಪ್ರಾಣಿಗಳಿಗೆ ಆ ಅನುಕೂಲವಿಲ್ಲ. ಬಾಗಿಲು ಮುಚ್ಚಿದ ತಿಂಗಳುಗಳಲ್ಲೂ ಪೆಂಗ್ವಿನ್‌ಗೆ ಮೀನು ಬೇಕು, ಚಳಿ ಬೇಕು, ಕೊಳದ ನೀರು ಶುದ್ಧವಾಗುತ್ತಲೇ ಇರಬೇಕು. ಲೆಕ್ಕಪತ್ರ ನೋಡುವವರಿಗೆ ಈ ವ್ಯತ್ಯಾಸ ಕಾಣದೆ ಇರಲಾರದು.

2023ರ ಪೈಪ್‌ಲೈನ್ ಎಂಜಿನಿಯರಿಂಗ್ ದೃಷ್ಟಿಯಿಂದ ಹೊಸದು. ನಿಂತು ಸವಾರಿ ಮಾಡುವ ಕೋಸ್ಟರ್‌ಗಳು ಹಿಂದೆಯೂ ಇದ್ದವು. ಕಾಲು ಸೆಟೆದು ನಿಂತವರ ಮೊಣಕಾಲಿಗೂ ಕುತ್ತಿಗೆಗೂ ಅವು ಹಿತವಾಗಿರಲಿಲ್ಲ; ಕೆಲವನ್ನು ಕೂರುವ ಬಂಡಿಗಳಾಗಿ ಮಾರ್ಪಡಿಸಬೇಕಾಯಿತು. ಪೈಪ್‌ಲೈನ್‌ನಲ್ಲಿ ಆಸನ ಓಟದ ನಡುವೆಯೂ ಮೇಲೆ ಕೆಳಗೆ ಜಾರುತ್ತದೆ. ಗುಡ್ಡದ ನೆತ್ತಿಯಲ್ಲಿ ಮೈ ಮೇಲೆದ್ದಾಗ ಆಸನವೂ ಏಳುತ್ತದೆ, ತಗ್ಗಿನಲ್ಲಿ ಮೈ ಕುಸಿದಾಗ ಅದೂ ಇಳಿಯುತ್ತದೆ. ಅಲೆಯ ಮೇಲೆ ಹಲಗೆ ಹಿಡಿದು ನಿಂತವನ ಮೊಣಕಾಲು ಮಾಡುವ ಕೆಲಸವಿದು. ಗಂಟೆಗೆ ಸುಮಾರು 97 ಕಿಲೋಮೀಟರ್ ವೇಗ ಅದರದು.

2024ರ ಜುಲೈ 7ರಂದು ತೆರೆದ ಪೆಂಗ್ವಿನ್ ಟ್ರೆಕ್ ಇಡೀ ಮನೆಮಂದಿಗೆಂದು ಕಟ್ಟಿದ್ದು. ಅದರ ವೇಗ 69 ಕಿಲೋಮೀಟರ್ ದಾಟುವುದಿಲ್ಲ. ಸವಾರಿ ಮುಗಿದು ಇಳಿದವರು ನೇರವಾಗಿ ನಿಜವಾದ ಪೆಂಗ್ವಿನ್‌ಗಳಿರುವ ಚಳಿಯ ಕೋಣೆಗೆ ಬರುತ್ತಾರೆ. ಮಾಂಟಾದಲ್ಲಿ ಮೊದಲು ಮೀನು, ಆಮೇಲೆ ಕೋಸ್ಟರ್. ಇಲ್ಲಿ ಮೊದಲು ಕೋಸ್ಟರ್, ಆಮೇಲೆ ಪ್ರಾಣಿ. ಹದಿನೈದು ವರ್ಷಗಳಲ್ಲಿ ಅದಲು ಬದಲಾದ ಈ ಅನುಕ್ರಮವನ್ನು ನಾನು ಆಕಸ್ಮಿಕವೆಂದು ತಿಳಿಯುವುದಿಲ್ಲ.

ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಕೊಲ್ಲಿ ದೇಶಗಳಿಗೆ ಹೋದವರ ಸಂಬಂಧಿಕರು ಈ ಸಭೆಯಲ್ಲೂ ಇರಬಹುದು. ಅವರಿಗೆ ಇದೇ ಹೆಸರಿನ ಹೊಸ ಉದ್ಯಾನ ಹತ್ತಿರದಲ್ಲೇ ಇದೆ. ಅಬುಧಾಬಿಯ ಯಾಸ್ ದ್ವೀಪದಲ್ಲಿ 2023ರ ಮೇ ತಿಂಗಳಲ್ಲಿ ತೆರೆದ ಸೀವರ್ಲ್ಡ್‌ನಲ್ಲಿ ಮೊದಲ ದಿನದಿಂದಲೇ ಮಾಂಟಾ ಎಂಬ ಹೆಸರಿನ ಕೋಸ್ಟರ್ ಇದೆ. ಓರ್ಕಾ ಒಂದೂ ಇಲ್ಲ. ಸೀವರ್ಲ್ಡ್‌ನ ಓರ್ಕಾಗಳು ಅಮೆರಿಕದ ಮೂರು ಉದ್ಯಾನಗಳಲ್ಲಿ ಮಾತ್ರ ಉಳಿದಿವೆ. ಅವುಗಳಲ್ಲಿ ಕೊನೆಯ ಮರಿ 2017ರ ಏಪ್ರಿಲ್‌ನಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ಹುಟ್ಟಿ ಮೂರು ತಿಂಗಳು ಬದುಕಿತ್ತು. ಈಗಿರುವ ಓರ್ಕಾಗಳು ಇನ್ನೂ ಹಲವು ವರ್ಷ ಆ ಕೊಳಗಳಲ್ಲೇ ಇರುತ್ತವೆ, ಪಕ್ಕದಲ್ಲಿ ಬಂಡಿಗಳು ಓಡುತ್ತಲೇ ಇರುತ್ತವೆ. ಬಂಡಿಯ ಸದ್ದು ಮತ್ತು ಕಂಪನ ನೀರಿಗೆ ಎಷ್ಟು ಇಳಿಯುತ್ತದೆ, ಅದನ್ನು ತಗ್ಗಿಸಲು ಉಕ್ಕಿನ ಟೊಳ್ಳಿನೊಳಗೆ ಮರಳು ತುಂಬುವ ಉಪಾಯ ಎಷ್ಟು ಕೆಲಸ ಮಾಡುತ್ತದೆ ಎಂಬ ಬಗ್ಗೆ ಪ್ರಶ್ನೆಗಳಿದ್ದರೆ ಈಗ ಕೇಳಬಹುದು. ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ತೋರಿಸುತ್ತೇನೆ.