ಗಂಜಿ ಆಮೇಲೆ, ಮೊದಲು ಬೇಳೆ ಬಡಿಸಿ

ನಮಸ್ಕಾರ. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರಿಗೆ ನಾವು ಕಾಸರಗೋಡಿನವರು ಏನು ಬಡಿಸುತ್ತೇವೆ, ಹೇಗೆ ಬಡಿಸುತ್ತೇವೆ ಅನ್ನುವುದರ ಬಗ್ಗೆ ಇವತ್ತು ಮಾತಾಡಬೇಕು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆಪರೇಷನ್ ಆಗುವುದು ಒಬ್ಬರ ಹೊಟ್ಟೆಗೆ. ಆದರೆ ಬಡಿಸುವ ಕ್ರಮ ಬದಲಾಗಬೇಕಾದ್ದು ಇಡೀ ಮನೆಯಲ್ಲಿ. ಅನ್ನ ಕೊನೆಗೆ ಬರಬೇಕು. ಗಂಜಿಯೂ ಅಷ್ಟೇ.

ಗಂಜಿಯ ಸುದ್ದಿಗೆ ಬಂದರೆ ನಮ್ಮಲ್ಲಿ ಕೆಲವರಿಗೆ ಸಿಟ್ಟು ಬರುತ್ತದೆ, ಗೊತ್ತು. ಜ್ವರ ಬಂದರೆ ಗಂಜಿ, ಹೊಟ್ಟೆ ಕೆಟ್ಟರೆ ಗಂಜಿ, ಆಸ್ಪತ್ರೆಯಿಂದ ಮನೆಗೆ ಬಂದರೆ ಗಂಜಿ. ಕುಚ್ಚಲಕ್ಕಿ ಗಂಜಿ, ಸುಟ್ಟ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ. ಅದರಷ್ಟು ಸಮಾಧಾನ ಕೊಡುವ ಊಟ ನನಗೂ ಬೇರೆ ಇಲ್ಲ. ಆದರೆ ಈ ಆಪರೇಷನ್ ಆದವರ ಲೆಕ್ಕವೇ ಬೇರೆ.

ಸ್ಲೀವ್ ಅಂತ ಹೇಳುವ ಆಪರೇಷನ್ನಿನಲ್ಲಿ ಜಠರದ ಸುಮಾರು 75ರಿಂದ 80 ಶೇಕಡಾ ಭಾಗವನ್ನು ತೆಗೆದುಬಿಡುತ್ತಾರೆ. ಉಳಿಯುವುದು ಉದ್ದಕ್ಕೆ ಒಂದು ಕೊಳವೆ. ಅದರಲ್ಲಿ ಹಿಡಿಸುವುದು 100ರಿಂದ 150 ಮಿಲಿಲೀಟರ್, ಅಂದರೆ ಹೋಟೆಲಿನ ಒಂದು ಚಾ ಗ್ಲಾಸಿನಷ್ಟು. ಬೈಪಾಸ್ ಅಂತ ಇನ್ನೊಂದು ಬಗೆ ಇದೆ, ಹೃದಯದ್ದಲ್ಲ, ಹೊಟ್ಟೆಯದ್ದು. ಅದನ್ನು ಮಾಡಿದರೆ ಇನ್ನೂ ಕಡಿಮೆ. ಸುಮಾರು 30 ಮಿಲಿಲೀಟರಿನ ಚೀಲ ಮಾಡಿ, ಸಣ್ಣ ಕರುಳಿನ ಮೊದಲ ಭಾಗವನ್ನು ಬಿಟ್ಟು ಮುಂದಕ್ಕೆ ಜೋಡಿಸುತ್ತಾರೆ. ಇಷ್ಟು ಸಣ್ಣ ಜಾಗದೊಳಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಹೋಗಬೇಕು. ಇಲ್ಲದಿದ್ದರೆ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ, ಸುಸ್ತು ಹೆಚ್ಚುತ್ತದೆ. ಒಂದು ಮೊಟ್ಟೆಯಲ್ಲಿ ಸಿಗುವುದು 6 ಗ್ರಾಂ. ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಆ ಚಾ ಗ್ಲಾಸಿನ ತುಂಬ ಗಂಜಿ ಹಾಕಿದರೆ ಒಂದೆರಡು ಗ್ರಾಂ ಸಿಕ್ಕರೆ ಹೆಚ್ಚು. ಹೊಟ್ಟೆ ಮಾತ್ರ ತುಂಬಿಬಿಟ್ಟಿತು. ಇನ್ನು ಬೇಳೆಗೆ ಜಾಗ ಎಲ್ಲಿ?

ಮೊದಲ ಒಂದೆರಡು ದಿನ ಗಂಜಿಯ ತಿಳಿ ಕೊಟ್ಟರೆ ತಪ್ಪಲ್ಲ, ಆಗ ನೀರಿನಂಥದ್ದೇ ಹೋಗಬೇಕು. ಆಮೇಲೆ ಎರಡು ವಾರದವರೆಗೆ ಹಾಲು, ಮಜ್ಜಿಗೆ, ಸೋಸಿದ ಬೇಳೆ ಕಟ್ಟು, ಡಾಕ್ಟರು ಬರೆದುಕೊಟ್ಟ ಪ್ರೋಟೀನ್ ಪುಡಿ. ಮೂರನೇ ವಾರದಿಂದ ನುಣ್ಣಗೆ ಅರೆದದ್ದು, ಐದನೇ ವಾರದ ಹೊತ್ತಿಗೆ ಮೆತ್ತಗೆ ಬೆಂದದ್ದು. ಆಸ್ಪತ್ರೆಯಿಂದ ಆಸ್ಪತ್ರೆಗೆ ಈ ದಿನಗಳು ಸ್ವಲ್ಪ ಆಚೀಚೆ ಆಗುತ್ತವೆ. ನಿಮ್ಮ ಡಾಕ್ಟರು ಹೇಳಿದ್ದೇ ಕೊನೆಯ ಮಾತು. ಆದರೆ ಯಾವ ಆಸ್ಪತ್ರೆಗೆ ಹೋದರೂ ಮೊದಲು ಪ್ರೋಟೀನ್, ಆಮೇಲೆ ತರಕಾರಿ, ಜಾಗ ಉಳಿದರೆ ಮಾತ್ರ ಅನ್ನ ಅಂತಲೇ ಹೇಳುತ್ತಾರೆ.

ಈಗ ಆಪರೇಷನ್ನಿಗೆ ಮೊದಲಿನ ಕಥೆ ಕೇಳಿ. ಇದು ನನಗೆ ತುಂಬಾ ಬೇಸರ ತರಿಸುವ ವಿಷಯ. ದಿನ ನಿಶ್ಚಯ ಆಯಿತು ಅಂತ ಸುದ್ದಿ ಗೊತ್ತಾದ ಕೂಡಲೇ ನೆಂಟರು ಬರಲಿಕ್ಕೆ ಶುರು. "ಇನ್ನು ತಿನ್ನಲಿಕ್ಕೆ ಆಗುವುದಿಲ್ಲ ಅಲ್ವಾ, ಈಗಲೇ ತಿಂದುಬಿಡು." ಒಬ್ಬರು ಹೋಳಿಗೆ ತರುತ್ತಾರೆ, ಇನ್ನೊಬ್ಬರು ಹಲ್ವ. ಪ್ರೀತಿಯಿಂದಲೇ ತರುತ್ತಾರೆ. ಆದರೆ ಆಪರೇಷನ್ನಿಗೆ ಮೊದಲಿನ ಎರಡು ವಾರ ಡಾಕ್ಟರು ಅನ್ನ, ಸಿಹಿ, ಎಣ್ಣೆ ಎಲ್ಲ ಇಳಿಸಲು ಹೇಳಿರುತ್ತಾರೆ. ಯಾಕೆ ಗೊತ್ತಾ? ಜಠರದ ಮೇಲೆ ಲಿವರಿನ ಎಡಭಾಗ ಮುಚ್ಚಿಕೊಂಡಿರುತ್ತದೆ. ತೂಕ ಜಾಸ್ತಿ ಇರುವವರ ಲಿವರಿನಲ್ಲಿ ಕೊಬ್ಬು ತುಂಬಿ ಅದು ದೊಡ್ಡದಾಗಿರುತ್ತದೆ. ಅದನ್ನು ಎತ್ತಿ ಹಿಡಿದೇ ಕೆಳಗೆ ಕೆಲಸ ಮಾಡಬೇಕು. ಎರಡು ವಾರದ ಪಥ್ಯದಲ್ಲಿ ಲಿವರ್ ಸ್ವಲ್ಪ ಕುಗ್ಗುತ್ತದೆ, ಸರ್ಜನ್ನಿಗೆ ದಾರಿ ಸಿಗುತ್ತದೆ. ನೀವು ತಂದ ಹಲ್ವ ಆ ದಾರಿಗೇ ಅಡ್ಡ. ಇನ್ನೊಂದು, ಸಕ್ಕರೆ ಕಾಯಿಲೆ ಇರುವವರು ಈ ಪಥ್ಯ ಶುರು ಮಾಡುವ ಮೊದಲೇ ಮಾತ್ರೆ, ಇನ್ಸುಲಿನ್ ಎಷ್ಟು ಅಂತ ಕೇಳಿಕೊಳ್ಳಲೇಬೇಕು. ಊಟ ಇಳಿದು ಇನ್ಸುಲಿನ್ ಹಾಗೆಯೇ ಇದ್ದರೆ ಸಕ್ಕರೆ ತೀರಾ ಕೆಳಗೆ ಹೋಗುತ್ತದೆ.

ಆಪರೇಷನ್ ಆಗಿ ಕೆಲವು ತಿಂಗಳಾದ ನಮ್ಮ ಚಿಕ್ಕಮ್ಮನನ್ನು ಮನೆಯಲ್ಲಿ ಊಟ ಮಾಡುವಾಗ ನೋಡಿದ್ದೇನೆ. ಮಕ್ಕಳ ಚಮಚ, ಸಣ್ಣ ಸ್ಟೀಲ್ ಬಟ್ಟಲು, ಅದರಲ್ಲಿ ಹೆಸರುಬೇಳೆಗೆ ಗಟ್ಟಿ ಮೊಸರು ಕಲಸಿದ್ದು. ಒಂದು ಚಮಚ ಬಾಯಿಗೆ ಹಾಕಿ ಚಮಚವನ್ನು ಕೆಳಗಿಡುತ್ತಾರೆ. ಅಗಿದು ನುಂಗಿದ ಮೇಲೆಯೇ ಮತ್ತೆ ಎತ್ತುವುದು. ಆ ಬಟ್ಟಲು ಮುಗಿಯಲಿಕ್ಕೆ ಅರ್ಧ ಗಂಟೆ. ಅದೇ ಚಿಕ್ಕಮ್ಮನನ್ನು ಬದಿಯಡ್ಕ ಕಡೆಯ ಒಂದು ಮದುವೆ ಊಟದಲ್ಲೂ ನೋಡಿದೆ. ನಮ್ಮ ಪಂಕ್ತಿಯ ವೇಗ ನಿಮಗೆ ಗೊತ್ತೇ ಇದೆ. ಕೋಸಂಬರಿ ಒಂದು ಚಿಟಿಕೆ, ಪಲ್ಯ ಒಂದು ಚಿಟಿಕೆ, ಕೂಡಲೇ ಅನ್ನದ ರಾಶಿ. ಅವರು ಎರಡೂ ಕೈ ಎಲೆಗೆ ಅಡ್ಡ ಹಿಡಿದರು. ಬಡಿಸುವವರು ಕೈಯ ಸಂದಿಯಲ್ಲೇ ಅನ್ನ ಇಳಿಸಿದರು. ಪಕ್ಕದವರು, "ಎಂತ ಅತ್ತಿಗೆ, ಇಷ್ಟೇ ಊಟವಾ? ಹುಷಾರಿಲ್ವಾ?" ಉತ್ತರ ಕೊಡಲಾಗದೆ ನಾಲ್ಕು ತುತ್ತು ಬೇಗ ಬೇಗ ನುಂಗಿದರು. ಎದೆಯ ಹತ್ತಿರ ಕಟ್ಟಿಕೊಂಡಿತು. ಕೈ ತೊಳೆಯುವ ಜಾಗದ ಹಿಂದೆ ಹೋಗಿ ವಾಂತಿ ಮಾಡಿಕೊಂಡರು. ಅವರು ಕೇಳಿದ್ದಾದರೂ ಏನು? ಇನ್ನೊಂದು ಸೌಟು ಕೋಸಂಬರಿ. ಎಲೆಯಲ್ಲಿ ಅವರಿಗೆ ಬೇಕಾದ ಬೇಳೆ ಇದ್ದದ್ದು ಅದರಲ್ಲೇ.

ಮಾರಾಯ್ರೆ, ಒತ್ತಾಯ ಮಾಡಿ ಬಡಿಸುವುದು ನಮ್ಮ ಊರಿನ ಪ್ರೀತಿ ಅಂತ ನಾನೂ ಒಪ್ಪುತ್ತೇನೆ. ಆದರೆ ಬೇಡ ಅಂದವರಿಗೆ ಕಾರಣ ಕೇಳುವುದು ಬೇಡ. ನಾಲ್ಕು ಜನರ ಎದುರು ಆಪರೇಷನ್ ವಿಷಯ ಹೇಳಲು ಎಷ್ಟೋ ಹೆಂಗಸರಿಗೆ ಮನಸ್ಸಿಲ್ಲ. ಯಾಕೆಂದರೆ ಹೇಳಿದ ತಕ್ಷಣ, "ಬಾಯಿ ಕಟ್ಟಿದ್ದರೆ ಸಾಕಿತ್ತು, ಸುಮ್ನೆ ಯಾಕೆ ಕೊಯ್ಸಿಕೊಂಡದ್ದು" ಅನ್ನುತ್ತಾರೆ. ಇದು ಅನ್ಯಾಯದ ಮಾತು. ಹಸಿವು ಬರಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವ್‌ನಲ್ಲಿ ಆ ಭಾಗವೇ ಹೋಗುತ್ತದೆ. ಅದಕ್ಕೇ ಹಸಿವು ಇಳಿಯುತ್ತದೆ. ಬರೀ ಬಾಯಿಚಪಲ ಆಗಿದ್ದರೆ ಇದೆಲ್ಲ ಬೇಕಿತ್ತಾ?

ನೆಂಟರ ಮನೆಗೆ ಹೋದರೆ ಮೊದಲು ಬೆಲ್ಲ, ನೀರು. ಬೈಪಾಸ್ ಆದವರಿಗೆ ಖಾಲಿ ಹೊಟ್ಟೆಗೆ ಆ ಬೆಲ್ಲವೇ ಕಷ್ಟ ಕೊಡಬಹುದು. ಸಿಹಿ ನೇರವಾಗಿ ಕರುಳಿಗೆ ಇಳಿದು ನೀರನ್ನು ಎಳೆದುಕೊಳ್ಳುತ್ತದೆ. ಬೆವರು, ಎದೆ ಡವಡವ, ತಲೆ ಸುತ್ತು, ಭೇದಿ. ನೀರು ಮಾತ್ರ ಕೊಡಿ, ಅದನ್ನೂ ಗುಟುಕು ಗುಟುಕಾಗಿ ಕುಡಿಯಲು ಬಿಡಿ. ಊಟದ ಜೊತೆ ನೀರು ಬೇಡ. ಊಟಕ್ಕೆ ಮೊದಲು ಅರ್ಧ ಗಂಟೆ, ಆದ ಮೇಲೆ ಅರ್ಧ ಗಂಟೆ ಬಿಡಬೇಕು. ಹಾಗಾಗಿ ಕೊನೆಗೆ ಮಜ್ಜಿಗೆ ಕುಡಿಯದೆ ಎದ್ದರೆ ಅಪಚಾರ ಅಂತ ತಿಳಿಯಬೇಡಿ.

ಸ್ಲೀವ್ ಆದವರು ಪಾಯಸದ ವಿಷಯದಲ್ಲಿ ಜಾಸ್ತಿ ಎಚ್ಚರ ಇರಬೇಕು. ಗಟ್ಟಿ ತುತ್ತು ಹೊಟ್ಟೆಯಲ್ಲಿ ನಿಲ್ಲುತ್ತದೆ, ಸಾಕು ಅನಿಸುತ್ತದೆ. ಪಾಯಸ, ಐಸ್‌ಕ್ರೀಮ್ ಹಾಗಲ್ಲ, ಜಾರಿ ಹೋಗುತ್ತವೆ. ಬಾಳೆಕಾಯಿ ಚಿಪ್ಸ್ ಕೂಡ ನಾಲ್ಕು ನಾಲ್ಕಾಗಿ ದಿನವಿಡೀ ಹೋಗುತ್ತಲೇ ಇರುತ್ತದೆ. ಕೆಲವು ವರ್ಷ ಆದ ಮೇಲೆ ತೂಕ ವಾಪಸ್ ಬರುವುದು ಹೆಚ್ಚಾಗಿ ಈ ದಾರಿಯಲ್ಲಿ.

ಮೀನು ತಿನ್ನುವ ಮನೆಗಳಲ್ಲಿ ಕೆಲಸ ಸುಲಭ. ಮುಳ್ಳು ಬಿಡಿಸಿದ ಬಂಗುಡೆ, ಕಾರ ಕಡಿಮೆ, ಬೇಯಿಸಿದ್ದು. ಸಸ್ಯಾಹಾರಿ ಮನೆಗಳಲ್ಲಿ ಲೆಕ್ಕ ಇಟ್ಟೇ ಕೊಡಬೇಕು. ಹಾಲು, ಮೊಸರು, ಪನೀರ್, ಹೆಸರುಬೇಳೆ, ಸೋಯಾ. ಇಷ್ಟರಲ್ಲಿ 60 ಮುಟ್ಟದಿದ್ದರೆ ಪುಡಿ ಬಿಡಬಾರದು. ಬಿ 12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳು ಜೀವನಪೂರ್ತಿ. ಕಬ್ಬಿಣ, ಕ್ಯಾಲ್ಸಿಯಂ ಒಟ್ಟಿಗೆ ನುಂಗಬಾರದು, ನಡುವೆ ಎರಡು ಗಂಟೆ ಇರಲಿ. ವಾಂತಿ ನಿಲ್ಲದೆ ದಿನಗಟ್ಟಲೆ ಆಗುತ್ತಿದ್ದರೆ ಗ್ಯಾಸು ಅಂತ ಜೀರಿಗೆ ಕಷಾಯ ಕೊಟ್ಟು ಕೂರಬೇಡಿ. ಬಿ 1 ವಿಟಮಿನ್ ಖಾಲಿಯಾದರೆ ನರಗಳಿಗೆ, ಮಿದುಳಿಗೆ ಪೆಟ್ಟಾಗುತ್ತದೆ. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ನಮ್ಮಲ್ಲಿ ಎಷ್ಟೋ ಜನ ಇಂಥ ಚಿಕಿತ್ಸೆಗೆ ತಲಪಾಡಿ ದಾಟಿ ಮಂಗಳೂರಿಗೇ ಹೋಗುವುದು. ಹೋಗುವಾಗ ಕಾರಿನಲ್ಲಿ ಗಂಡ, ಭಾವ, ಅಣ್ಣ ಇರುತ್ತಾರೆ. ಅಡುಗೆ ಮಾಡುವ ಅತ್ತೆಯೋ ಅಕ್ಕನೋ ಮನೆಯಲ್ಲೇ. ಓಟ್ಸ್, ಸೂಪ್, ತೋಫು ಅಂತ ಬರೆದ ಚೀಟಿ ಫ್ರಿಜ್ಜಿನ ಮೇಲೆ ಅಂಟಿಕೊಳ್ಳುತ್ತದೆ, ಒಲೆಯ ಮೇಲೆ ಗಂಜಿ ಬೇಯುತ್ತದೆ. ಡಯಟೀಷಿಯನ್ ಎದುರು ಕೂರಬೇಕಾದ್ದು ಅಡುಗೆ ಮಾಡುವವರು. ಕರೆದುಕೊಂಡು ಹೋಗಿ. ಮನೆಯಲ್ಲಿ ದಿನಾ ಏನೇನು ಬೇಯುತ್ತದೆ ಅಂತ ಅವರೇ ಹೇಳಲಿ, ತೊವ್ವೆ ಎಷ್ಟು, ತಂಬುಳಿ ಯಾವ ವಾರದಿಂದ, ತೆಂಗಿನಕಾಯಿ ಎಷ್ಟು ಹಾಕಬಹುದು ಅಂತ ಅವರೇ ಕೇಳಿ ಬರೆದುಕೊಳ್ಳಲಿ.