"ಬೋರ್ಡ್ ಹೋಗಿದೆ" ಅಂದರೆ ನಿಜವಾಗಿ ಹೋಗಿರುವುದು ಏನು?

[ದೃಶ್ಯ: ಹಿತ್ತಲಲ್ಲಿ ಟಾಪ್ ಲೋಡ್ ವಾಷಿಂಗ್ ಮಷೀನ್. ಅಂಚಿನವರೆಗೆ ನೀರು. ಹಿಂದಿನ ಪೈಪಿನಿಂದ ಮೋರಿಗೆ ನೀರು ಹರಿಯುತ್ತಿದೆ.]

ನಮಸ್ಕಾರ. ಇದು ದಾವಣಗೆರೆಯಲ್ಲಿರುವ ನಮ್ಮಮ್ಮನ ಮಷೀನ್. 2011ರಲ್ಲಿ ಕೊಂಡದ್ದು. ಹೋದ ತಿಂಗಳು ಒಂದು ಬೆಳಿಗ್ಗೆ ಅಮ್ಮ ಬಟ್ಟೆ ಹಾಕಿ ಪೂಜೆಗೆ ಕೂತರು. ಪೂಜೆ ಮುಗಿಸಿ ಅಡುಗೆಮನೆ ನಲ್ಲಿ ತಿರುಗಿಸಿದರೆ ಬರೀ ಗಾಳಿ. ಮೇಲಿನ ಟ್ಯಾಂಕ್ ಪೂರ್ತಿ ಖಾಲಿ. ಹಿತ್ತಲಿಗೆ ಹೋಗಿ ನೋಡಿದರೆ ಮಷೀನ್ ಹೀಗೆ ತುಂಬಿ ತುಳುಕುತ್ತಾ ಇನ್ನೂ ನೀರಿಗೆ ಕಾಯುತ್ತಾ ನಿಂತಿತ್ತು.

ರಿಪೇರಿಯವರು ಬಂದರು. ಮುಚ್ಚಳ ಎತ್ತಿದರು, ಎರಡು ಬಟನ್ ಒತ್ತಿದರು. ಮೂರು ನಿಮಿಷದಲ್ಲಿ ತೀರ್ಪು ಬಂತು. "ಬೋರ್ಡ್ ಹೋಗಿದೆ ಅಮ್ಮಾ. ಏಳು ಸಾವಿರ ಆಗುತ್ತೆ. ಹಳೇ ಮಾಡೆಲ್ ಬೇರೆ, ಸಿಗೋದೂ ಡೌಟು. ಹೊಸದು ತಗೊಂಡ್ಬಿಡಿ."

ಈ ಡೈಲಾಗ್ ನಿಮಗೂ ಬಾಯಿಪಾಠ ಆಗಿದೆ ಅಲ್ವಾ? ಹಾಗಾದರೆ ಇವತ್ತಿನ ಪ್ರಶ್ನೆ ಇದು. ಬೋರ್ಡ್ ಹೋಗಿದೆ ಅಂತ ಹೇಳುವುದು ಹೇಗೆ?

[ತೆರೆಯ ಮೇಲೆ: ಹಸಿರು ಬೋರ್ಡಿನ ಚಿತ್ರ]

ಬೇಸಿಕ್ಸ್ ಬೇಗ ಮುಗಿಸುತ್ತೇನೆ. ಬೋರ್ಡ್ ಅಂದರೆ ಮಷೀನನ್ನು ನಡೆಸುವ ಎಲೆಕ್ಟ್ರಾನಿಕ್ ಸರ್ಕ್ಯೂಟ್. ಅದರಲ್ಲಿ ಮೂರು ಭಾಗ ಇರುತ್ತವೆ. 230 ವೋಲ್ಟನ್ನು 5 ಮತ್ತು 12 ವೋಲ್ಟ್ ಮಾಡುವ ಪವರ್ ಸಪ್ಲೈ. ಯೋಚನೆ ಮಾಡುವ ಚಿಪ್. ಆಮೇಲೆ ಚಿಪ್ ಹೇಳಿದಂತೆ ವಾಲ್ವ್, ಪಂಪ್, ಮೋಟಾರ್ ಆನ್ ಮಾಡುವ ಸ್ವಿಚ್‌ಗಳು, ಅಂದರೆ ರಿಲೇ ಮತ್ತು ಟ್ರಯಾಕ್. ಟ್ರಯಾಕ್ ಅಂದರೆ ಕಟ್ ಕಟ್ ಅಂತ ಸದ್ದು ಮಾಡದ ರಿಲೇ ಅಂದುಕೊಳ್ಳಿ ಸಾಕು.

ಒಂದು ಮಾತು ಮಾತ್ರ ನೆನಪಿಡಿ. ಈ ಚಿಪ್‌ಗೆ ಕಣ್ಣಿಲ್ಲ. ತೊಟ್ಟಿಯಲ್ಲಿ ಎಷ್ಟು ಬಟ್ಟೆ ಇದೆ ಅಂತ ಅದು ನೋಡುವುದಿಲ್ಲ. ಎಷ್ಟೋ ಮಷೀನ್‌ಗಳು ನೀರು ಬಿಡುವ ಮೊದಲು ಒಣಬಟ್ಟೆಯನ್ನೇ ಆ ಕಡೆ ಈ ಕಡೆ ತಿರುಗಿಸುತ್ತವಲ್ಲ, ಅದು ತೂಕ ಅಂದಾಜು ಮಾಡುವ ಉಪಾಯ. ಬೋರ್ಡಿನ ಬದುಕೆಲ್ಲ ಹೀಗೆ, ವೈರಿನಲ್ಲಿ ಬಂದ ಸುದ್ದಿ ನಂಬಿ ನಡೆಯುವುದು. ಸುದ್ದಿಯೇ ಸುಳ್ಳಾದರೆ ಪಾಪ ಅದೇನು ಮಾಡೀತು?

[ದೃಶ್ಯ: ಗೋಡೆಯ ಸಾಕೆಟ್. ಪ್ಲಗ್ ಕೀಳುವ ಕೈ.]

ನೀರು ನಿಲ್ಲುತ್ತಿಲ್ಲವಾ? ಸ್ಕ್ರೂಡ್ರೈವರ್ ಕೆಳಗಿಡಿ. ಪ್ಲಗ್ ಕಿತ್ತು ನೋಡಿ.

ಕಿತ್ತ ಮೇಲೂ ನೀರು ಬರುತ್ತಲೇ ಇದೆಯಾ? ಹಾಗಾದರೆ ಬೋರ್ಡ್ ನಿರಪರಾಧಿ. ಕರೆಂಟೇ ಇಲ್ಲದೆ ಅದು ಯಾವ ವಾಲ್ವ್ ತೆರೆಯುತ್ತದೆ? ನೀರು ಒಳಬಿಡುವ ಇನ್‌ಲೆಟ್ ವಾಲ್ವ್ ಕರೆಂಟ್ ಇಲ್ಲದಾಗ ತಾನಾಗಿ ಮುಚ್ಚಿಕೊಳ್ಳಬೇಕು. ಮುಚ್ಚಿಲ್ಲ ಅಂದರೆ ಒಳಗಿನ ರಬ್ಬರ್ ಪೊರೆಯಲ್ಲಿ ಮರಳೋ ಬೋರ್‌ವೆಲ್ ನೀರಿನ ಸುಣ್ಣವೋ ಸಿಕ್ಕಿಕೊಂಡಿದೆ. ಇನ್ನೊಂದು ವಿಚಿತ್ರ ಇದೆ. ಈ ವಾಲ್ವ್ ಗಟ್ಟಿಯಾಗಿ ಮುಚ್ಚಲು ನೀರಿನ ಒತ್ತಡವೇ ಸಹಾಯ ಮಾಡಬೇಕು. ಟ್ಯಾಂಕ್ ಮಷೀನಿಗಿಂತ ಎರಡು ಮೂರು ಮೀಟರ್ ಎತ್ತರದಲ್ಲೂ ಇಲ್ಲ ಅಂದರೆ ಹೊಸ ವಾಲ್ವ್ ಕೂಡ ಸೋರಬಹುದು.

ಪ್ಲಗ್ ಕಿತ್ತಾಗ ನಿಂತಿತು, ಆದರೆ ಮತ್ತೆ ಹಾಕಿದ ಕೂಡಲೇ, ಸ್ಟಾರ್ಟ್ ಒತ್ತುವ ಮೊದಲೇ ನೀರು ಶುರುವಾಯಿತಾ? ಇದು ಬೋರ್ಡಿನದೇ ಕಾಯಿಲೆ. ಟ್ರಯಾಕ್ ಒಳಗೇ ಶಾರ್ಟ್ ಆಗಿ ಆನ್ ಸ್ಥಿತಿಯಲ್ಲೇ ಅಂಟಿಕೊಂಡಿರುತ್ತದೆ.

ಮೂರನೆಯದು ನಮ್ಮಮ್ಮನ ಕೇಸು. ಎಲ್ಲ ಸರಿಯಾಗಿ ಶುರುವಾಗುತ್ತದೆ, ಆದರೆ ಸಾಕು ಅನ್ನುವುದೇ ಇಲ್ಲ. ಅಂದರೆ ಎಷ್ಟು ತುಂಬಿದೆ ಅನ್ನುವ ಸುದ್ದಿ ಬೋರ್ಡಿಗೆ ತಲುಪುತ್ತಿಲ್ಲ.

[ತೆರೆಯ ಮೇಲೆ: ಐದು ಪಿಂಗಾಣಿ ಬಟ್ಟಲು, ಬೇರೆ ಬೇರೆ ಮಟ್ಟದ ನೀರು. ಕಡ್ಡಿಯಿಂದ ತಟ್ಟುವ ಸದ್ದು.]

ಈ ವಿಡಿಯೋ ಮಾಡಿದ್ದೇ ಈ ಭಾಗಕ್ಕಾಗಿ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಬೈಕೋಬೇಡಿ.

ತೊಟ್ಟಿಯ ತಳದಿಂದ ಒಂದು ಸಣ್ಣ ರಬ್ಬರ್ ಟ್ಯೂಬ್ ಮೇಲಕ್ಕೆ ಬರುತ್ತದೆ. ಅದರೊಳಗೆ ನೀರಲ್ಲ, ಗಾಳಿ ಇರುತ್ತದೆ. ನೀರು ಏರಿದಂತೆ ಆ ಗಾಳಿ ಒತ್ತಿಕೊಳ್ಳುತ್ತದೆ. ಎಷ್ಟು ಒತ್ತಡ? 30 ಸೆಂಟಿಮೀಟರ್ ನೀರಿನಷ್ಟು. ಎಳನೀರಿಗೆ ಸ್ಟ್ರಾ ಹಾಕಿ ಹೀರುವಾಗ ನಿಮ್ಮ ಕೆನ್ನೆ ಪಡುವ ಶ್ರಮ ಹೆಚ್ಚುಕಡಿಮೆ ಅಷ್ಟೇ. ಟ್ಯೂಬಿನ ತುದಿಯಲ್ಲಿ ದೊಡ್ಡ ಬಿಸ್ಕತ್ತಿನಷ್ಟು ಗುಂಡಗಿನ ಸೆನ್ಸಾರ್ ಇದೆ. ಅದರೊಳಗೆ ರಬ್ಬರ್ ಪೊರೆ. ಪೊರೆಯ ಮೇಲೆ ಒಂದು ಫೆರೈಟ್ ತುಂಡು, ಅಂದರೆ ಅಯಸ್ಕಾಂತಕ್ಕೆ ಅಂಟುವ ಕಪ್ಪು ಕಲ್ಲಿನಂಥ ವಸ್ತು. ಸುತ್ತ ತಾಮ್ರದ ತಂತಿಯ ಸುರುಳಿ.

ಗಾಳಿ ಪೊರೆಯನ್ನು ತಳ್ಳಿದಷ್ಟೂ ಫೆರೈಟ್ ಸುರುಳಿಯೊಳಕ್ಕೆ ಹೋಗುತ್ತದೆ. ಹೋದಷ್ಟೂ ಸುರುಳಿಯಲ್ಲಿನ ವಿದ್ಯುತ್ ಕಂಪನ ನಿಧಾನವಾಗುತ್ತದೆ. ತೊಟ್ಟಿ ಖಾಲಿ ಇದ್ದಾಗ ಸೆಕೆಂಡಿಗೆ ಸುಮಾರು 26 ಸಾವಿರ ಸಲ. ತುಂಬಿದಂತೆ 24 ಸಾವಿರ, 23 ಸಾವಿರ, ಹೀಗೆ ಇಳಿಯುತ್ತದೆ. ಬೋರ್ಡ್ ಇದನ್ನು ಎಣಿಸುತ್ತಾ ಕೂತಿರುತ್ತದೆ. ಅಂದರೆ ನಿಮ್ಮ ಮಷೀನ್ ನೀರನ್ನು ಅಳೆಯುವುದು ಲೀಟರಿನಲ್ಲಲ್ಲ, ಶ್ರುತಿಯಲ್ಲಿ!

ಬಿಂದಿಗೆ ತುಂಬುವಾಗ ಸದ್ದು ಕೇಳಿದ್ದೀರಲ್ಲ? ತುಂಬಿದಂತೆ ಸ್ವರ ಮೇಲೇರುತ್ತದೆ. ಅಮ್ಮ ಒಳಗಿಂದಲೇ "ನಲ್ಲಿ ನಿಲ್ಸೋ, ತುಂಬ್ತು" ಅಂತ ಕೂಗುವುದು ಆ ಸ್ವರ ಕೇಳಿಯೇ. ಜಲತರಂಗದ ಬಟ್ಟಲಿನಲ್ಲಿ ಉಲ್ಟಾ, ನೀರು ಜಾಸ್ತಿ ಆದಷ್ಟೂ ಸ್ವರ ಕೆಳಗೆ. ಮಷೀನ್ ಜಲತರಂಗದ ಘರಾಣೆಯದು. ಆದರೆ ಕಿವಿಗೆ ಕೇಳುವ ಸದ್ದಲ್ಲ, ವೈರಿನೊಳಗಿನ ವಿದ್ಯುತ್ ಕಂಪನ. ನಮ್ಮ ಕಿವಿಯ ಮಿತಿ 20 ಸಾವಿರ. ಸ್ಪೀಕರಿಗೆ ಜೋಡಿಸಿದರೂ ನಮಗೆ ಕೇಳದು, ಬೀದಿ ನಾಯಿಗೆ ಬೇಕಾದರೆ ಕೇಳೀತು.

ಕೆಲವು ಮಷೀನ್‌ಗಳು ಟೆಸ್ಟ್ ಮೋಡ್‌ನಲ್ಲಿ ಈ ಶ್ರುತಿಯನ್ನು ತೋರಿಸುತ್ತವೆ. ಡಿಸ್‌ಪ್ಲೇಯಲ್ಲಿ 241 ಅಂತ ಬಂದರೆ 24.1 ಕಿಲೋಹರ್ಟ್ಜ್ ಅಂತ ಅರ್ಥ. ಅದನ್ನೇ ಎರರ್ ಕೋಡ್ ಅಂದುಕೊಂಡು ಗೂಗಲ್‌ನಲ್ಲಿ ಹುಡುಕಿದವರಲ್ಲಿ ನಾನೂ ಒಬ್ಬ.

[ದೃಶ್ಯ: ಕೈಯಲ್ಲಿ ಕಪ್ಪು ಟ್ಯೂಬ್. ಕ್ಯಾಮೆರಾ ಹತ್ತಿರಕ್ಕೆ.]

ಈಗ ಅಮ್ಮನ ಟ್ಯೂಬ್ ನೋಡಿ. ಸೆನ್ಸಾರಿಗೆ ಸಿಕ್ಕಿಸುವ ತುದಿ. ಸುಮ್ನೆ ನೋಡಿದರೆ ಏನೂ ಕಾಣುವುದಿಲ್ಲ. ಸ್ವಲ್ಪ ಬಗ್ಗಿಸುತ್ತೇನೆ... ಕಂಡಿತಾ? ಕೂದಲೆಳೆಯಷ್ಟು ಬಿರುಕು. ಇಷ್ಟು ವರ್ಷ ಮಷೀನ್ ಅಲುಗಾಡಿ ತಗಡಿಗೆ ಉಜ್ಜಿ ಆದದ್ದು. ಒಂದು ತುದಿ ಬೆರಳಿಂದ ಮುಚ್ಚಿ, ಲೋಟದ ನೀರಿನಲ್ಲಿ ಅದ್ದಿ, ಇನ್ನೊಂದು ತುದಿಯಿಂದ ಮೆಲ್ಲಗೆ ಊದಿದೆ. ಗುಳುಗುಳು ಅಂತ ಗುಳ್ಳೆ. ಗಾಳಿ ಸೋರಿದರೆ ಒತ್ತಡ ಇಲ್ಲ, ಒತ್ತಡ ಇಲ್ಲದಿದ್ದರೆ ಶ್ರುತಿ ಇಳಿಯುವುದಿಲ್ಲ. ತೊಟ್ಟಿ ಇನ್ನೂ ಖಾಲಿ ಅಂತಲೇ ಬೋರ್ಡ್ ನಂಬಿ ಕೂತಿತ್ತು.

ಆ ಎರಡು ಸೆಂಟಿಮೀಟರ್ ಕತ್ತರಿಸಿ ಬಿಸಾಕಿ ಮತ್ತೆ ಸಿಕ್ಕಿಸಿದೆ. ಖರ್ಚು ಸೊನ್ನೆ. ಒಂದು ಎಚ್ಚರ: ತೊಟ್ಟಿ ಪೂರ್ತಿ ಖಾಲಿ ಇದ್ದಾಗಲೇ ಟ್ಯೂಬ್ ಸಿಕ್ಕಿಸಿ. ನೀರಿದ್ದಾಗ ಸಿಕ್ಕಿಸಿದರೆ ಒಳಗೆ ಸಿಕ್ಕಿಕೊಳ್ಳುವ ಗಾಳಿಯ ಲೆಕ್ಕವೇ ತಪ್ಪುತ್ತದೆ. ನಾನು ಮೊದಲ ಸಲ ಅದೇ ತಪ್ಪು ಮಾಡಿ, ರಿಪೇರಿಯವರು ಹೇಳಿದ್ದೇ ನಿಜವೇನೋ ಅಂತ ಅರ್ಧ ಗಂಟೆ ಬೆವರಿದೆ.

[ತೆರೆಯ ಮೇಲೆ: ಕೆಂಪು ಅಕ್ಷರ, "ಇದನ್ನು ಮಾಡಬೇಡಿ"]

ಮಲ್ಟಿಮೀಟರ್ ಇದ್ದವರು ಈಗಾಗಲೇ ಕೈ ಉಜ್ಜಿಕೊಳ್ಳುತ್ತಿದ್ದೀರಿ, ಗೊತ್ತು. "ಸೆನ್ಸಾರಿಗೆ ಬರೋದು 5 ವೋಲ್ಟ್ ತಾನೇ? ಮುಟ್ಟಿದರೆ ಏನಾಗುತ್ತೆ?" ಪ್ರಾಣ ಹೋಗಬಹುದು. ತುಂಬಾ ವಾಷಿಂಗ್ ಮಷೀನ್ ಬೋರ್ಡ್‌ಗಳಲ್ಲಿ ಆ 5 ವೋಲ್ಟ್ ಮೇನ್ಸ್‌ನಿಂದ, ಅಂದರೆ ಗೋಡೆಯ 230 ವೋಲ್ಟಿನಿಂದ, ಬೇರ್ಪಟ್ಟಿರುವುದಿಲ್ಲ, ನೇರ ತಗುಲಿಕೊಂಡಿರುತ್ತದೆ. ಹತ್ತನೇ ಮಹಡಿಯ ತಾರಸಿ ಅಂಚಿನಲ್ಲಿ ಒಂದು ಮಣೆ ಇಟ್ಟಿದ್ದಾರೆ ಅಂದುಕೊಳ್ಳಿ. ಮಣೆ ಬರೀ ಎರಡು ಇಂಚು ಎತ್ತರ, ನಿಜ. ಆದರೆ ಅದರ ಮೇಲಿಂದ ಜಾರಿದರೆ ಎರಡು ಇಂಚು ಬೀಳುವುದಿಲ್ಲ. ಪ್ಲಗ್ ಕಿತ್ತ ಮೇಲೂ ಪವರ್ ಸಪ್ಲೈಯಲ್ಲಿ ಕರೆಂಟ್ ಕೂಡಿಟ್ಟುಕೊಳ್ಳುವ ಕೆಪಾಸಿಟರಿನಲ್ಲಿ 325 ವೋಲ್ಟಿನವರೆಗೆ ಉಳಿದಿರಬಹುದು. ಐದು ನಿಮಿಷ ಕಾಯಿರಿ. ಕಾದರೂ ಬೋರ್ಡಿಗೆ ಬೆರಳಿಡಬೇಡಿ.

ಬೋರ್ಡ್ ಮುಟ್ಟದೆ ಅಳೆಯಬಹುದಾದದ್ದೂ ಇದೆ. ಪ್ಲಗ್ ಕಿತ್ತು, ವಾಲ್ವ್‌ನ ಕನೆಕ್ಟರ್ ಬಿಚ್ಚಿ, ವಾಲ್ವ್‌ನ ಎರಡು ಪಿನ್ ನಡುವೆ ಓಮ್ ಅಳೆಯಿರಿ. 230 ವೋಲ್ಟಿನ ವಾಲ್ವ್ ಆದರೆ ಸಾಮಾನ್ಯವಾಗಿ ಮೂರೂವರೆಯಿಂದ ಐದು ಕಿಲೋಓಮ್ ಬರಬೇಕು. ಏನೂ ತೋರಿಸದಿದ್ದರೆ ಒಳಗಿನ ಕಾಯಿಲ್ ಸುಟ್ಟಿದೆ. ಬೋರ್ಡ್ ಬದಲಿಸಿದರೂ ಒಂದು ಹನಿ ನೀರು ಬರುವುದಿಲ್ಲ. ಅಷ್ಟಕ್ಕೂ ಮೊದಲು ಪೈಪ್ ಬಿಚ್ಚಿ, ವಾಲ್ವ್‌ನ ಬಾಯಲ್ಲಿರುವ ಸಣ್ಣ ಜಾಲರಿ ನೋಡಿ. ಎಲ್‌ಜಿ ಮಷೀನಿನಲ್ಲಿ ಐಇ ಅಂತ ಬಂದರೆ ನೀರು ಸಾಕಷ್ಟು ಬರುತ್ತಿಲ್ಲ ಅಂತ ಅರ್ಥ, ಓಇ ಅಂದರೆ ಹೊರಗೆ ಹೋಗುತ್ತಿಲ್ಲ, ಪಿಇ ಅಂದರೆ ಈಗ ಹೇಳಿದ ಜಲತರಂಗದ ತೊಂದರೆ. ಐಇಗೆ ಹಳೇ ಟೂತ್‌ಬ್ರಷ್ಷೇ ಮದ್ದಾದ ಮನೆಗಳನ್ನು ನಾನು ನೋಡಿದ್ದೇನೆ.

[ದೃಶ್ಯ: ಕ್ಯಾಮೆರಾ ಹಿಡಿದ ತಮ್ಮನ ಕೈ ಫ್ರೇಮಿನಲ್ಲಿ. "ಬೇಗ" ಅನ್ನುವ ಸನ್ನೆ.]

ಮೆಮೊರಿ ಕಾರ್ಡ್ ತುಂಬುತ್ತಿದೆಯಂತೆ. ಜಲತರಂಗಕ್ಕೇ ಜಾಸ್ತಿ ಹೋಯಿತು. ಬೋರ್ಡ್ ನಿಜವಾಗಿ ಕೈಕೊಡುವುದನ್ನ ಒಂದೇ ಉಸಿರಿಗೆ ಹೇಳುತ್ತೇನೆ.

ಮಷೀನ್ ಐದಾರು ಸಲ ಒತ್ತಿದ ಮೇಲೆ ಎಚ್ಚರಗೊಳ್ಳುತ್ತದೆ, ಡಿಸ್‌ಪ್ಲೇ ಮಂಕಾಗಿದೆ, ರಿಲೇ ಸುಮ್ನೆ ಟಕಟಕ ಅನ್ನುತ್ತದೆ ಅಂದರೆ ಪವರ್ ಸಪ್ಲೈಯ ಕೆಪಾಸಿಟರ್ ಒಣಗಿರುವ ಅನುಮಾನ. ಬಿಸಿ 10 ಡಿಗ್ರಿ ಹೆಚ್ಚಿದರೆ ಅದರ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ಬಿಸಿಲು ಬೀಳುವ ತಾರಸಿಯಲ್ಲಿ ಮಷೀನ್ ಇಡಬೇಡಿ. ಮೊದಲ ಹತ್ತು ನಿಮಿಷ ಸರಿ, ಬಿಸಿಯಾದ ಮೇಲೆ ನಿಲ್ಲುತ್ತದೆ ಅಂದರೆ ರಿಲೇ ಕಾಲಿನ ಸುತ್ತ ಸೋಲ್ಡರ್, ಅಂದರೆ ಬೆಸುಗೆ, ಬಿರುಕು ಬಿಟ್ಟಿರಬಹುದು. ಗೊತ್ತಿದ್ದವರು ಮತ್ತೆ ಸೋಲ್ಡರ್ ಮಾಡಿಕೊಡುತ್ತಾರೆ. ಬೀದಿಯಲ್ಲಿ ನ್ಯೂಟ್ರಲ್ ಕಿತ್ತು ವೋಲ್ಟೇಜ್ ಏರಿದ ದಿನ ಸತ್ತಿದೆಯಾ? ಆಗ ಬಲಿಯಾಗುವುದು ಏರಿದ ವೋಲ್ಟೇಜನ್ನು ತಾನೇ ನುಂಗುವ ವ್ಯಾರಿಸ್ಟರ್ ಮತ್ತು ಫ್ಯೂಸ್, ಅವು ಇರುವುದೇ ಅದಕ್ಕೆ. ಇವೆಲ್ಲ ಚಿಲ್ಲರೆ ಬೆಲೆಯ ಪಾರ್ಟ್‌ಗಳು, ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಸಿಗುತ್ತವೆ. ಕಷ್ಟ ಬೇರೆ ಕಡೆ ಇದೆ. ತೇವ, ಜಿರಲೆ, ಹಲ್ಲಿ ತಡೆಯಲು ಬೋರ್ಡ್ ಮೇಲೆ ಅಂಟು ಸುರಿದಿರುತ್ತಾರೆ. ರಕ್ಷಣೆಗೆ ಒಳ್ಳೆಯದೇ, ಆದರೆ ರಿಪೇರಿಗೆ ಕೂತವರು ಹಲಸಿನ ಹಣ್ಣು ಬಿಡಿಸಿದಂತೆ ಬಿಡಿಸಬೇಕು. ಅದಕ್ಕೇ ಪೂರ್ತಿ ಬೋರ್ಡ್ ಬದಲಿಸಿ ಅನ್ನುತ್ತಾರೆ. ಅವರನ್ನೂ ಪೂರ್ತಿ ಬೈಯುವ ಹಾಗಿಲ್ಲ.

ಇಲಿ! ಇಲಿ ಮರೆತೆ. ಬೋರ್ಡ್ ಹೋಗಿದೆ ಅನ್ನುವ ಮೊದಲು ಮಷೀನ್ ಕೆಳಗೆ ಟಾರ್ಚ್ ಬಿಟ್ಟು ವೈರ್ ನೋಡಿ. ಹಲ್ಲಿನ ಗುರುತು ಕಂಡರೆ ಕೇಸ್ ಮುಗಿಯಿತು. ಕನೆಕ್ಟರ್ ಬಿಚ್ಚುವ ಮೊದಲು ಫೋನಿನಲ್ಲಿ ಫೋಟೋ ತೆಗೆಯಿರಿ.

ಕಾಮೆಂಟ್‌ನಲ್ಲಿ ಬರೀ "ನಮ್ಮದೂ ಹಾಳಾಗಿದೆ, ಏನು ಮಾಡಲಿ" ಅಂತ ಬರೆಯಬೇಡಿ. ಪ್ಲಗ್ ಕಿತ್ತಾಗ ನೀರು ನಿಂತಿತೋ ಇಲ್ಲವೋ, ಅದನ್ನು ಬರೆಯಿರಿ.