ಮೆಟ್ಟಿಲ ಕೆಳಗಿನ ಹಗೇವು

ಕೇಳುಗರಿಗೆ ನಮಸ್ಕಾರ.

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಮಹಡಿ ಮೆಟ್ಟಿಲ ಕೆಳಗೆ, ಅಕ್ಕಿ ಡ್ರಮ್ಮಿನ ಮಗ್ಗುಲಲ್ಲಿ, ಒಂದು ಹಳೇ ಲ್ಯಾಪ್‌ಟಾಪ್ ಹಗಲೂ ರಾತ್ರಿ ಓಡುತ್ತಾ ಇರುತ್ತದೆ. ಪರದೆ ಒಡೆದಿದೆ. ಮಗಳು ಬೆಂಗಳೂರಿಗೆ ಕೆಲಸಕ್ಕೆ ಹೊರಟಾಗ "ಗುಜರಿಗೆ ಹಾಕಮ್ಮ" ಅಂತ ಬಿಟ್ಟುಹೋದದ್ದು. ನನಗೆ ಮನಸ್ಸು ಬರಲಿಲ್ಲ. ಅದಕ್ಕೆ ವಿಂಡೋಸ್ ಬದಲು ಡೆಬಿಯನ್ ಲಿನಕ್ಸ್ ಹಾಕಿ, ಪಕ್ಕಕ್ಕೊಂದು ಹಾರ್ಡ್ ಡಿಸ್ಕ್ ಸಿಕ್ಕಿಸಿ, ಮನೆಯ ಸರ್ವರ್ ಮಾಡಿಕೊಂಡೆ.

"ಏನವ್ವ ಅದು, ರಾತ್ರಿಯೆಲ್ಲ ಗುಂಯ್ ಅಂತದೆ?" ಅಂದರು ನಮ್ಮತ್ತೆ. ಅವರದು ನಾಗಮಂಗಲದ ಕಡೆ.

"ನಮ್ಮ ಫೋಟೋ, ಆಸ್ಪತ್ರೆ ಚೀಟಿ, ಮನೆ ಪತ್ರ ಎಲ್ಲ ಇದರೊಳಗೇ ಇರ್ತವೆ ಅತ್ತೆ. ಇನ್ನು ಬೇರೆಯವರ ಹತ್ತಿರ ಇಡೋದು ಬೇಡ ಅಂತ."

ಅರೆಗಳಿಗೆ ಅದನ್ನೇ ನೋಡಿ, "ಹಗೇವು ಅನ್ನು ಮತ್ತೆ" ಅಂದರು.

ಹಗೇವು ಕಂಡಿಲ್ಲದ ಹುಡುಗರು ಕೇಳುತ್ತಿದ್ದರೆ ಹೇಳಿಬಿಡುತ್ತೇನೆ. ರಾಗಿ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಣಜ ಅದು. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ವರ್ಷಗಟ್ಟಲೆ ರಾಗಿ ಕೆಡುತ್ತಿರಲಿಲ್ಲ. ಮೇಲೆ ಮಣ್ಣು ಮುಚ್ಚಿಬಿಟ್ಟರೆ ಒಳಗೆಷ್ಟಿದೆ ಅನ್ನುವುದು ಮನೆಯವರಿಗೆ ಮಾತ್ರ ಗೊತ್ತು.

ನಾನು ಇದಕ್ಕೆ ಕೈಹಾಕಿದ್ದು ಅತ್ತೆಯ ಮೊಣಕಾಲಿನ ದೆಸೆಯಿಂದ. ಡಾಕ್ಟರು ಬರೆದ ಮಾತ್ರೆ ಯಾವುದಕ್ಕೆ ಅಂತ ಫೋನಿನಲ್ಲಿ ಹುಡುಕಿದೆ. ಮಾರನೇ ದಿನದಿಂದ ಎಲ್ಲಿ ನೋಡಿದರೂ ಮಂಡಿನೋವಿನ ಎಣ್ಣೆಯ ಜಾಹೀರಾತು. ಫೋನು ನಮ್ಮ ಮಾತು ಕದ್ದು ಕೇಳುತ್ತದೆ ಅಂತಾರೆ ಪಕ್ಕದ ಮನೆಯವರು. ನನಗೆ ಹಾಗನಿಸುವುದಿಲ್ಲ. ಕದ್ದು ಕೇಳುವ ಕಷ್ಟ ಅದಕ್ಕೇಕೆ? ಹುಡುಕಿದ್ದು ನಾವು, ಎಲ್ಲಿದ್ದೇವೆ ಅಂತ ತೋರಿಸಿದ್ದು ನಾವು, ಸಿಕ್ಕ ಸಿಕ್ಕ ಆ್ಯಪ್‌ಗೆಲ್ಲ ಒಪ್ಪಿಗೆ ಕೊಟ್ಟಿದ್ದೂ ನಾವು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಅದೂ ಎಂಬತ್ತು ದಾಟಿದ ವಯಸ್ಸಿನಲ್ಲಿ. ನಾವೋ, ಓದದೆಯೇ 'ಐ ಅಗ್ರಿ' ಒತ್ತುವವರು.

ಸರ್ವರ್ ಮೇಲೆ ಹಾಕಿದ್ದು ಮುಖ್ಯವಾಗಿ ಎರಡು ತಂತ್ರಾಂಶ, ಎರಡೂ ಪುಕ್ಕಟೆ. ಫೈಲು, ಕ್ಯಾಲೆಂಡರ್‌ಗೆ ನೆಕ್ಸ್ಟ್‌ಕ್ಲೌಡ್. ಫೋಟೋಗಳಿಗೆ ಇಮ್ಮಿಚ್. ಫೋನಿನ ಫೋಟೋಗಳು ತಾವಾಗಿಯೇ ಅದಕ್ಕೆ ಹೋಗಿ ಸೇರುತ್ತವೆ, ಯಾರ ಮುಖ ಯಾವುದು ಅಂತ ಗುರುತು ಹಿಡಿಯುವ ಕೆಲಸವೂ ಮೆಟ್ಟಿಲ ಕೆಳಗೇ ನಡೆಯುತ್ತದೆ. ಇ-ಮೇಲ್ ಒಂದನ್ನು ಮಾತ್ರ ಮನೆಗೆ ತರಲು ಹೋಗಬೇಡಿ. ನೀವು ಕಳಿಸಿದ ಕಾಗದ ಎಷ್ಟೋ ಸಲ ಕಂಡವರ ಸ್ಪ್ಯಾಮಿಗೆ ಹೋಗಿ ಬೀಳುತ್ತದೆ.

ಕರೆಂಟಿನ ಲೆಕ್ಕ ಕೇಳುವವರಿಗೆ: ನಮ್ಮದು ಸುಮಾರು 15 ವ್ಯಾಟ್ ಎಳೆಯುತ್ತದೆ. ತಿಂಗಳಿಡೀ ಓಡಿದರೂ ಸುಮಾರು 11 ಯೂನಿಟ್, ಅಷ್ಟೆ. 1935ರಲ್ಲಿ ಇದೇ ಊರಿನ ಒಂಟಿಕೊಪ್ಪಲಿನಲ್ಲಿ, ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ತೆರೆದರಲ್ಲ, ಅವರ ಟ್ರಾನ್ಸ್‌ಮಿಟರ್ 30 ವ್ಯಾಟಿನದು. ರೇಡಿಯೋಗೆ ಆಕಾಶವಾಣಿ ಅನ್ನುವ ಹೆಸರು ಬಂದದ್ದು ಆ ಕೇಂದ್ರದಿಂದಲೇ. ಊರಿಗೆಲ್ಲ ಕೇಳಿಸಲಿ ಅಂತ ಅವರು ಮಾಡಿದರು. ಯಾರಿಗೂ ಕೇಳಿಸದಿರಲಿ ಅಂತ ನಾನು ಅದರ ಅರ್ಧ ವ್ಯಾಟಿನಲ್ಲಿ ಹೆಣಗುತ್ತಿದ್ದೇನೆ.

ಹೆಣಗಾಟ ಅಂದೆ. ಬೆಂಗಳೂರಿನಿಂದ ಮಗಳೂ ಫೋಟೋ ನೋಡಬೇಕಲ್ಲ. ಇಂಟರ್ನೆಟ್ಟಿನವರು ಸಾಮಾನ್ಯವಾಗಿ ಮನೆಗೊಂದು ವಿಳಾಸ ಕೊಡುವುದಿಲ್ಲ. ಅದೊಂದು ವಠಾರ ಅಂದುಕೊಳ್ಳಿ. ಬೀದಿ ಬಾಗಿಲು ಒಂದೇ, ಒಳಗೆ ಹತ್ತಾರು ಸಂಸಾರ. ಹೊರಗಿನಿಂದ ಬಂದವರಿಗೆ ನಮ್ಮ ಮನೆ ಯಾವುದು ಅಂತ ತಿಳಿಯುವುದಿಲ್ಲ. ನಾನು ಹೆಚ್ಚಿಗೆ ದುಡ್ಡು ಕಟ್ಟಿ ಸ್ವಂತ ಬೀದಿ ಬಾಗಿಲು, ಅಂದರೆ ಸ್ಟ್ಯಾಟಿಕ್ ಐಪಿ ತಗೊಂಡೆ. ರೌಟರಿನಲ್ಲಿ ಪೋರ್ಟ್, ಅಂದರೆ ಒಳಬರುವ ಕದ ತೆರೆದು ನೆಮ್ಮದಿಯಾಗಿ ಮಲಗಿದೆ. ಬೆಳಿಗ್ಗೆ ಲಾಗ್, ಅಂದರೆ ಯಾರು ಬಂದರು ಅನ್ನುವ ದಾಖಲೆ ತೆಗೆದರೆ ಎದೆ ಝಲ್ ಅಂತು. ರೂಟ್, ಅಡ್ಮಿನ್, ಟೆಸ್ಟ್ ಅಂತ ಹೆಸರು ಹೇಳಿಕೊಂಡು ರಾತ್ರಿಯಿಡೀ ಕದ ತಟ್ಟಿದ್ದಾರೆ, ಎಲ್ಲೆಲ್ಲಿಯ ದೇಶದವರೋ. ನನ್ನ ಮೇಲೆ ಯಾರಿಗೂ ದ್ವೇಷವಿಲ್ಲ, ಯಂತ್ರಗಳು ಹೀಗೆ ಬೀದಿ ಬೀದಿ ಸುತ್ತುತ್ತಾ ಎಲ್ಲರ ಕದವನ್ನೂ ತಟ್ಟುತ್ತಿರುತ್ತವೆ. ಆ ಪೋರ್ಟ್ ಮುಚ್ಚಿ ವೈರ್‌ಗಾರ್ಡ್ ಹಾಕಿದೆ, ನಮ್ಮವರಿಗಷ್ಟೇ ಗುಟ್ಟಿನ ದಾರಿ ಮಾಡಿಕೊಡುವ ತಂತ್ರಾಂಶ. ಅದರ ಗುಣ ಏನೆಂದರೆ, ಗುರುತಿನ ಕೀಲಿ ಇಲ್ಲದವರು ಎಷ್ಟು ತಟ್ಟಿದರೂ ಉತ್ತರ ಕೊಡುವುದಿಲ್ಲ. ರಾತ್ರಿ ಹೊತ್ತು ಯಾರಾದರೂ ಒಂದೇ ಸಲ ಕೂಗಿದರೆ ಓ ಅನ್ನಬೇಡ ಅಂತ ಅಜ್ಜಿಯರು ಹೇಳುತ್ತಿದ್ದರಲ್ಲ, ಹಾಗೆ.

ಕಳ್ಳರ ಚಿಂತೆ ಮುಗಿಯಿತು ಅಂದುಕೊಂಡೆ. ಭರಣಿ ಮಳೆಯ ಒಂದು ರಾತ್ರಿ ಕರೆಂಟು ಮೂರು ಸಲ ಹೋಗಿ ಬಂತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆಯಲ್ಲ ಅಂತ ನನ್ನ ಧೈರ್ಯ. ಹಾರ್ಡ್ ಡಿಸ್ಕ್ ತನ್ನದೇ ಅಡಾಪ್ಟರಿನಲ್ಲಿ ಓಡುತ್ತದೆ, ಅದಕ್ಕೆ ಬ್ಯಾಟರಿ ಇಲ್ಲ ಅನ್ನುವುದು ತಲೆಗೇ ಹೋಗಿರಲಿಲ್ಲ. ಬೆಳಿಗ್ಗೆ ಕಿವಿ ಹತ್ತಿರ ಹಿಡಿದರೆ ಕಟ್, ಕಟ್, ಕಟ್. ಹಲ್ಲಿ ಲೊಚಗುಟ್ಟಿದ ಹಾಗೆ. ಹಳೆಯ ಫೋಟೋಗಳ ಇನ್ನೊಂದು ಪ್ರತಿ ಮಗಳ ಹತ್ತಿರ ಇತ್ತು. ಕಡೆಯ ಮೂರು ವಾರದ್ದು ಎಲ್ಲೂ ಇರಲಿಲ್ಲ. ಆ ಮೂರು ವಾರದಲ್ಲೇ ಅತ್ತೆ ಒಂದು ಸಂಜೆ ಹಿತ್ತಲಲ್ಲಿ ಕೂತು ಹೇಳಿದ್ದ ರಾಗಿ ಬೀಸೋ ಪದದ ರೆಕಾರ್ಡಿಂಗ್ ಇತ್ತು. ಸರ್ವರಿಗೆ ಹೋಯಿತಲ್ಲ ಅಂತ ಫೋನಿನಿಂದ ನಾನೇ ಅಳಿಸಿದ್ದೆ.

ವಿಷಯ ಹೇಳಿದೆ. ಅತ್ತೆ ಬೈಯಲಿಲ್ಲ. "ಎಲ್ಲಾ ರಾಗೀನೂ ಒಂದೇ ಹಗೇವ್ಗೆ ಸುರೀತಾರೇನವ್ವ?" ಅಂದರು, ಅಷ್ಟೆ.

ಕಂಪ್ಯೂಟರಿನವರು ಇದನ್ನೇ 3-2-1 ಅನ್ನುತ್ತಾರೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದಾಚೆ. ಈಗ ಡಿಸ್ಕಿಗೂ ರೌಟರಿಗೂ ಒಂದು ಯುಪಿಎಸ್ ಇದೆ. ಮಂಡ್ಯದಲ್ಲಿ ನನ್ನ ತಂಗಿಯ ಮನೆಯ ಟಿವಿ ಹಿಂದೆ ಅಂಗೈಯಗಲದ ಒಂದು ಪುಟ್ಟ ಕಂಪ್ಯೂಟರ್, ರಾಸ್‌ಬೆರ್ರಿ ಪೈ, ಅದಕ್ಕೊಂದು ಡಿಸ್ಕ್. ರಾತ್ರಿ ಎರಡು ಗಂಟೆಗೆ ಆವತ್ತಿನ ಹೊಸ ಫೈಲುಗಳಷ್ಟೇ ಗೂಢಲಿಪಿಯಾಗಿ ಅಲ್ಲಿಗೆ ಹೋಗುತ್ತವೆ. ತಂಗಿ ತೆರೆದು ನೋಡಿದರೂ ಒಂದಕ್ಷರ ತಿಳಿಯುವುದಿಲ್ಲ, ಇದಕ್ಕವಳಿಗೆ ಸ್ವಲ್ಪ ಮುನಿಸೂ ಇದೆ. ಬಿಡಿಸುವ ಪಾಸ್‌ವರ್ಡ್ ಕಾಗದದಲ್ಲಿ ಬರೆದು ಬೀರುವಿನಲ್ಲಿ, ಮದುವೆ ಸೀರೆಯ ಮಡಿಕೆಯೊಳಗೆ ಇಟ್ಟಿದ್ದೇನೆ, ಎಲ್ಲಿದೆ ಅಂತ ಮಗಳಿಗೂ ಹೇಳಿದ್ದೇನೆ. ಅದು ಕಳೆದರೆ ಫೋನ್ ಮಾಡಿ ಕೇಳಲು ಕಸ್ಟಮರ್ ಕೇರ್ ಇಲ್ಲ. ಇಲ್ಲಿ ಕಸ್ಟಮರೂ ನಾನೇ, ಕೇರೂ ನಾನೇ.

ಮಳೆಗಾಲ ಕಳೆದ ಮೇಲೆ ಅತ್ತೆಯನ್ನು ಕಾಡಿ ಬೇಡಿ ಪದವನ್ನು ಇನ್ನೊಂದು ಸಲ ಹೇಳಿಸಿದೆ. ದನಿ ಚೆನ್ನಾಗಿಯೇ ಬಂತು. ಕೊನೆಗೆ ಬಂದು ತಡವರಿಸಿದರು. "ಮುಂದಕ್ಕೆ ಒಂದ್ ನುಡಿ ಇತ್ತು ಕಣವ್ವ, ಆವತ್ ಹೇಳಿದ್ನಲ್ಲ" ಅಂದರು. ಆ ನುಡಿ ಇಲ್ಲದ ಪದವೇ ಈಗ ಮೂರು ಕಡೆ ಇದೆ.

ನಮಸ್ಕಾರ.